ಪದ್ದಕ್ಕನ ಮನೆಯ ಮಡಕೆ

ನಮ್ಮಮ್ಮ ಎಷ್ಟೋ ವರ್ಷ ಒಂದು ಸೇತುವೆಯ ಈಚೆ ದಡದಲ್ಲಿ ನಿಂತಿದ್ದಳು. ಕಾವಲುಗಾರ ಬಿಡಲೇ ಇಲ್ಲ.

(ಗಾಬರಿಯಾಗಬೇಡಿ. ಸೇತುವೆ ಇದ್ದದ್ದು ಒಂದು ಕಂಪ್ಯೂಟರ್ ಗೇಮಿನಲ್ಲಿ.)

ನಾನು ಹೆಚ್ಚುಕಡಿಮೆ ಮರೆತಿದ್ದ ಆ ಸೇತುವೆಯನ್ನು ನೆನಪಿಸಿದವನು ವಿಷ್ಣು. ತಿರುವನಂತಪುರದ ಕಳಕ್ಕೂಟಂನ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು, ನನಗಿಂತ ಸ್ವಲ್ಪ ಚಿಕ್ಕವನು, ಹಳೆಯ ವಿಡಿಯೊ ಗೇಮುಗಳ ಮಾತು ಬಂದರೆ ಊಟ ಬಿಟ್ಟು ಏಳುವವನು. ಕಳೆದ ತಿಂಗಳು ಕ್ಯಾಂಟೀನಿನಲ್ಲಿ ಅವನ ಫೋನು ನೇರ ನನ್ನ ತಟ್ಟೆಯ ಮೇಲೆ ಬಂತು.

"ಚೇಚ್ಚಿ, ಇದು ನೋಡಿ. ಕೊನೆಗೂ ಪಿಸಿಗೆ ವಾಪಸು ಬಂತು."

"ಏನು?"

"ಕ್ಲಾಸಿಕ್. ಜಪಾನೀಸ್ ಆಕ್ಷನ್ ಆರ್‌ಪಿಜಿ. ನಮ್ಮ ಬಾಲ್ಯ."

(ವಿಷ್ಣು ಮಾತಾಡುವುದು ಮಲಯಾಳಂ ಮತ್ತು ಇಂಗ್ಲಿಷ್ ಕಲಸಿದ ಭಾಷೆ. ಚೇಚ್ಚಿ ಎಂದರೆ ಅಕ್ಕ; ಉಳಿದದ್ದನ್ನು ಕನ್ನಡಕ್ಕೆ ತಂದಿದ್ದೇನೆ. ಅವನ ಉತ್ಸಾಹವನ್ನು ತರಲು ಆಗಲಿಲ್ಲ.)

ಈ ಜಾತಿಯ ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಹುಡುಗ, ಒಂದು ಕತ್ತಿ. ಊರೂರು ಅಲೆಯುತ್ತಾನೆ. ಎದುರು ಸಿಕ್ಕ ಮನುಷ್ಯರನ್ನು ಮಾತಾಡಿಸುತ್ತಾನೆ, ಸಿಕ್ಕ ಪ್ರಾಣಿಗಳನ್ನು ಕೊಲ್ಲುತ್ತಾನೆ, ಕೊನೆಗೆ ಲೋಕವನ್ನು ಉದ್ಧಾರ ಮಾಡುತ್ತಾನೆ. ಲೋಕಕ್ಕೆ ಆಮೇಲೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ದಶಕಗಳಷ್ಟು ಹಳೆಯ ಇಂಥ ಗೇಮುಗಳನ್ನು ಈಗ ಒಂದೊಂದಾಗಿ ದೂಳು ಕೊಡವಿ, ಬಣ್ಣ ಬಳಿದು, ಡಿಜಿಟಲ್ ಅಂಗಡಿಗಳಲ್ಲಿ ಮಾರಾಟಕ್ಕೆ ಇಡುತ್ತಿದ್ದಾರೆ. ಕೊಳ್ಳುವವರು ವಿಷ್ಣುವಿನಂಥವರು. ಕಾರಣ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಬಾಲ್ಯ.

ಬಾಲ್ಯ ಅಷ್ಟು ಬೇಕಾಗಿದ್ದರೆ ಅಮ್ಮನಿಗೆ ಒಂದು ಫೋನ್ ಮಾಡಬಹುದು. ಅದಕ್ಕೆ ಡೌನ್‌ಲೋಡ್ ಬೇಕಿಲ್ಲ.

ಹೀಗೆ ಅಂದುಕೊಳ್ಳುತ್ತಲೇ ಫೋನಿನ ಚಿತ್ರ ನೋಡಿದೆ. ಹೆಗಲ ಮೇಲೆ ಕತ್ತಿ ಇಟ್ಟುಕೊಂಡ ಕೆಂಪು ಕೂದಲ ಹುಡುಗ. ಅವನ ಹಿಂದೆ ಪುಟ್ಟ ಊರು. ಊರಿನ ನಡುವೆ ಬಾವಿ. ಬಾವಿಯ ಪಕ್ಕ ನೀಲಿ ಬಾಗಿಲಿನ ಮನೆ.

ನಾನು ಊಟ ನಿಲ್ಲಿಸಿದೆ. ಅದು ಪದ್ದಕ್ಕನ ಮನೆ.

*

ನನ್ನ ಮನೆಯ ವಿಷಯ ಇಲ್ಲಿ ಬರೆಯುವುದು ನನಗೆ ಇಷ್ಟವಿಲ್ಲ. ಈ ಅಂಕಣ ಓದುವವರಿಗೆ ಅದು ಗೊತ್ತು. ಈ ವಾರ ಬೇರೆ ದಾರಿ ಇಲ್ಲ.

ಅಪ್ಪ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿದ್ದರು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅವರಿಗೆ ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಯಿತು. ಪಟ್ಟಂನಲ್ಲಿ ಕ್ವಾರ್ಟರ್ಸ್. ಅಪ್ಪನಿಗೆ ಆಫೀಸಿನಲ್ಲಿ ಇಂಗ್ಲಿಷ್ ಸಾಕಿತ್ತು. ನಾನು ಆರು ತಿಂಗಳಲ್ಲಿ ಮಲಯಾಳಂ ಕಲಿತು ಮನೆಯಲ್ಲೂ ಅದನ್ನೇ ಉದುರಿಸತೊಡಗಿದೆ. ಅಮ್ಮ ಬಿ.ಎಸ್‌ಸಿ. ಓದಿದವಳು, ಕನ್ನಡ, ಇಂಗ್ಲಿಷ್, ಅಷ್ಟಿಷ್ಟು ಹಿಂದಿ ಬಲ್ಲವಳು. ಆದರೆ ತರಕಾರಿಯವನಿಗೆ ಈ ಮೂರೂ ಬರುತ್ತಿರಲಿಲ್ಲ.

ಅಪ್ಪನ ಸಹೋದ್ಯೋಗಿಯೊಬ್ಬರು ಕೆಲಸದ ಮೇಲೆ ಜಪಾನಿಗೆ ಹೋಗಿ ಬಂದಾಗ ನನಗೆಂದು ಒಂದು ಗೇಮ್ ಸಿಡಿ ತಂದರು. ಡಬ್ಬಿ ಚೆನ್ನಾಗಿತ್ತು. ಒಳಗಿನದೆಲ್ಲ ಜಪಾನಿ ಲಿಪಿ. ನಾನು ಎರಡು ದಿನ ಆಡಿ, ಊರಾಚೆಯ ಕಪ್ಪೆಗಳ ಕೈಯಲ್ಲಿ ಸತ್ತು ಸತ್ತು ಬೇಸತ್ತು ಬಿಟ್ಟೆ.

ಕೈಗೆತ್ತಿಕೊಂಡವಳು ಅಮ್ಮ. ನಾನು ಸ್ಕೂಲಿನಲ್ಲಿ, ಅಪ್ಪ ಆಫೀಸಿನಲ್ಲಿ, ಅಮ್ಮ ಆ ಊರಿನಲ್ಲಿ.

ಅಲ್ಲಿನವರ ಮಾತೂ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಅವರು ಕಾಯುತ್ತಿದ್ದರು. ಎದುರು ಹೋಗಿ ಬಟನ್ ಒತ್ತಿದರೆ ಒಂದು ಚೌಕದೊಳಗೆ ಅಕ್ಷರಗಳು ಮೂಡುತ್ತಿದ್ದವು. ಇನ್ನೊಮ್ಮೆ ಒತ್ತುವವರೆಗೂ ಅಲ್ಲೇ ಇರುತ್ತಿದ್ದವು. ಅಮ್ಮ ಅವರ ಮುಖ ನೋಡಿ, ಮನೆ ನೋಡಿ, ಅಂಗಳದಲ್ಲಿ ಏನಿದೆ ನೋಡಿ, ಅವರು ಏನು ಹೇಳುತ್ತಿರಬಹುದೆಂದು ತೀರ್ಮಾನಿಸುತ್ತಿದ್ದಳು. ಹೆಸರೂ ಅವಳೇ ಇಟ್ಟಳು: ನೀಲಿ ಬಾಗಿಲ ಹೆಂಗಸು ಪದ್ದಕ್ಕ. ಸ್ಕೂಲಿನಿಂದ ಬಂದ ನನಗೆ ವರದಿ ಸಿಗುತ್ತಿತ್ತು.

"ಏನಂತಾಳೆ ಈವತ್ತು?" ನಾನು ಕೇಳುತ್ತಿದ್ದೆ.

"ಪದ್ದಕ್ಕನಾ? ಅವಳ ತವರುಮನೆ ಸೇತುವೆ ಆಚೆಗಿದೆ ಕಣೇ. ಯಾರಾದ್ರೂ ಹೋಗೋರಿದ್ರೆ ಸುದ್ದಿ ಮುಟ್ಟಿಸಿ ಅಂತಾಳೆ."

"ಏನು ಸುದ್ದಿ?"

"ಚೆನ್ನಾಗಿದೀನಿ ಅಂತ. ಇನ್ನೇನು ಹೇಳ್ತಾರೆ ತವರಿಗೆ?"

ಸೇತುವೆಯ ಕಾವಲುಗಾರ ಅಮ್ಮನಿಗೆ ದಫೇದಾರಪ್ಪ. ಅವನು ಬಿಡದೆ ಇರುವುದಕ್ಕೆ ಅವನ ತಪ್ಪಿಲ್ಲ. ಮೇಲಿನಿಂದ ಆರ್ಡರ್ ಬಂದಿಲ್ಲ. (ಸರ್ಕಾರಿ ನೌಕರನ ಹೆಂಡತಿಗೆ ಇದಕ್ಕಿಂತ ಸಹಜವಾದ ವಿವರಣೆ ಯಾವುದಿದೆ?) ಆರ್ಡರ್ ಬರುವವರೆಗೆ ಅಮ್ಮ ಊರಾಚೆ ಹೋಗಿ ಕಪ್ಪೆಗಳನ್ನು ಹೊಡೆದು ಬರುತ್ತಿದ್ದಳು. ಹೊರಡುವ ಮುನ್ನ ಊರಿನಲ್ಲಿ ಪ್ರತಿಯೊಬ್ಬರ ಎದುರೂ ನಿಂತು ಬಟನ್ ಒತ್ತುತ್ತಿದ್ದಳು. ಹೋಗಿಬರುತ್ತೇನೆ ಎಂದು ಹೇಳದೆ ಹೊರಡುವುದು ಹೇಗೆ?

ಪದ್ದಕ್ಕನ ಮನೆಯೊಳಗೆ ಗೋಡೆಗೆ ಸಾಲಾಗಿ ಮಡಕೆಗಳಿದ್ದವು. ಒಮ್ಮೆ ನಾನು ಕೀಬೋರ್ಡ್ ಕಿತ್ತುಕೊಂಡು ಒಂದಕ್ಕೆ ಕತ್ತಿ ಬೀಸಹೋದೆ. ಅಮ್ಮ ನನ್ನ ಕೈ ಹಿಡಿದಳು.

"ಯಾರದೋ ಮನೆ ಪಾತ್ರೆ ಅದು."

ಅಷ್ಟೇ. ಆಮೇಲೆ ಆ ಮಾತು ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಇನ್ನೊಬ್ಬರ ಮನೆಯ ಪಾತ್ರೆಯ ವಿಷಯದಲ್ಲಿ ಅಮ್ಮನ ನಿಯಮ ನನಗೆ ಗೊತ್ತಿತ್ತು. ಪಕ್ಕದ ಕ್ವಾರ್ಟರ್ಸಿನ ಲೀಲಾ ಚೇಚ್ಚಿ ಮೊದಲ ಸಲ ಒಂದು ಡಬ್ಬಿ ಉಣ್ಣಿಯಪ್ಪಂ ಎಂಬ ಸಿಹಿತಿಂಡಿ ಕಳಿಸಿದಾಗ ಅಮ್ಮ ಖಾಲಿ ಡಬ್ಬಿ ಹಿಂದಿರುಗಿಸಲಿಲ್ಲ. ಮನೆಯಲ್ಲಿ ಬೇರೇನೂ ಇರಲಿಲ್ಲವೆಂದು ಒಂದು ಚಮಚ ಸಕ್ಕರೆ ಹಾಕಿ ಕೊಟ್ಟಳು. ನಮ್ಮಲ್ಲಿ ಎಲ್ಲರೂ ಮಾಡುವುದೇ. ಲೀಲಾ ಚೇಚ್ಚಿ ಸಕ್ಕರೆ ನೋಡಿ, ಇವರು ಡಬ್ಬಿಯಲ್ಲಿ ಸಕ್ಕರೆ ಇಟ್ಟು ಪೂರ್ತಿ ಖಾಲಿ ಮಾಡಲು ಮರೆತಿದ್ದಾರೆಂದುಕೊಂಡು ಹಾಗೇ ವಾಪಸು ಕಳಿಸಿದರು. ಅಮ್ಮ ಅದಕ್ಕೆ ಇನ್ನೊಂದು ಚಮಚ ಸೇರಿಸಿ ಮತ್ತೆ ಕಳಿಸಿದಳು. ಭಾಷೆ ಬರದ ಇಬ್ಬರು ಹೆಂಗಸರ ಗೆಳೆತನ ಶುರುವಾದದ್ದು ಆ ಡಬ್ಬಿಯಿಂದ.

ಮುಂದೆ ಅಮ್ಮ ಮಲಯಾಳಂ ಕಲಿತಳು, ಲೀಲಾ ಚೇಚ್ಚಿಯ ಜೊತೆ ಜಗಳವಾಡುವಷ್ಟು ಚೆನ್ನಾಗಿ. ಅಪ್ಪ ನಿವೃತ್ತರಾದ ಮೇಲೂ ಪಟ್ಟಂನಲ್ಲೇ ಒಂದು ಫ್ಲಾಟ್ ಮಾಡಿಕೊಂಡು ಉಳಿದರು. ಹಳೆಯ ಕಂಪ್ಯೂಟರ್ ಒಂದು ದಿನ ಕಣ್ಣು ಮುಚ್ಚಿತು. ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕಲು ಜಾಗವೇ ಇರಲಿಲ್ಲ. ಸೇತುವೆ ದಾಟದೆ ಉಳಿಯಿತು. ವರ್ಷಕ್ಕೊಮ್ಮೆಯೋ ಎರಡು ಸಲವೋ, ಬಟ್ಟೆ ಮಡಿಸುತ್ತಲೋ ಅವರೆಕಾಳು ಬಿಡಿಸುತ್ತಲೋ, ಅಮ್ಮ ಹೇಳುವುದುಂಟು: "ಪದ್ದಕ್ಕಂಗೆ ಮಾತು ಕೊಟ್ಟಿದ್ದೆ ನಾನು."

*

ಹಾಗಾಗಿ ಗೇಮ್ ಕೊಂಡೆ. ಅಥವಾ ಕೊಂಡೆ ಅಂದುಕೊಂಡೆ.

ಡಿಜಿಟಲ್ ಅಂಗಡಿಯಲ್ಲಿ 'ಕೊಳ್ಳಿ' ಎಂದು ದೊಡ್ಡ ಹಸಿರು ಬಟನ್ ಇರುತ್ತದೆ. ಅದನ್ನು ಒತ್ತಿದ ಮೇಲೆ ಸಣ್ಣ ಅಕ್ಷರಗಳಲ್ಲಿ ಒಂದು ಒಪ್ಪಂದ ತೆರೆದುಕೊಳ್ಳುತ್ತದೆ. ಅದರ ಸಾರಾಂಶ: ನೀವು ಏನನ್ನೂ ಕೊಂಡಿಲ್ಲ. ಆಡಲು ಅನುಮತಿ ಪಡೆದಿದ್ದೀರಿ. ಬೇಡವೆನಿಸಿದ ದಿನ ನಾವು ಹಿಂತೆಗೆದುಕೊಳ್ಳಬಹುದು. ಯಾರಿಗೂ ಕೊಡುವಂತಿಲ್ಲ. (ತರಕಾರಿಯವನು ಬದನೆಕಾಯಿ ಕೊಟ್ಟು ಹೀಗೆ ಹೇಳಿದ್ದರೆ ಅಮ್ಮ ಆಗ ಕಲಿತಿರದ ಮಲಯಾಳಂನಲ್ಲೂ ಉತ್ತರ ಕೊಟ್ಟಿರುತ್ತಿದ್ದಳು.)

ಡೀಲಕ್ಸ್ ಎಡಿಷನ್ ಬೇಕೇ ಎಂದು ಅಂಗಡಿ ಕೇಳಿತು. ಅದರಲ್ಲಿ ಹುಡುಗನಿಗೆ ಬೇರೆ ಬಟ್ಟೆಗಳಿವೆಯಂತೆ. ಬೇಡವೆಂದೆ. ನಿಜವಾಗಿಯೂ ಬೇಡವೇ ಎಂದು ಕೇಳಿತು. ನಿಮ್ಮ ಸ್ನೇಹಿತರು ಏನು ಆಡುತ್ತಿದ್ದಾರೆ ತಿಳಿಯಬೇಕೇ ಎಂದು ಕೇಳಿತು. ಖಂಡಿತ ಬೇಡ. ನಾನು ಏನು ಆಡುತ್ತೇನೆಂದು ಅವರಿಗೆ ತಿಳಿಸಲೇ ಎಂದು ಮಾತ್ರ ಅದು ಕೇಳಲಿಲ್ಲ. ಆ ಮೌನದ ಅರ್ಥ ಆಮೇಲೆ ಗೊತ್ತಾಯಿತು.

ಆಮೇಲೆ ಭಾಷೆ. ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಕೊರಿಯನ್, ಇನ್ನೂ ಹಲವು. ಇಷ್ಟು ಭಾಷೆಗಳು ಎಂದು ಅಂಗಡಿಯ ಪುಟದಲ್ಲಿ ಬೀಗುತ್ತಿದ್ದರು. ಕನ್ನಡ, ಮಲಯಾಳಂ ಇಲ್ಲ. ನಾವು ನಿರೀಕ್ಷಿಸುವುದೂ ಇಲ್ಲ, ಅವಮಾನವೂ ರೂಢಿಯಾಗುತ್ತದೆ. ಆದರೆ ಪಟ್ಟಿಯಲ್ಲಿ ಜಪಾನಿಯೂ ಇರಲಿಲ್ಲ.

ಜಪಾನಿನ ಗೇಮಿನಲ್ಲಿ ಜಪಾನಿ ಭಾಷೆ ಇಲ್ಲವೇ? ವಿಷ್ಣುವನ್ನು ಕೇಳಿದೆ.

"ನಮ್ಮ ರೀಜನ್‌ನಲ್ಲಿ ಕೊಡಲ್ಲ ಚೇಚ್ಚಿ. ಅಲ್ಲಿ ಬೆಲೆ ಜಾಸ್ತಿ, ಇಲ್ಲಿ ಕಮ್ಮಿ. ಅಲ್ಲಿಯವರು ಇಲ್ಲಿಂದ ತಗೊಂಡುಬಿಟ್ರೆ?"

ಟೋಕಿಯೊದಲ್ಲಿ ಯಾರೋ ಒಬ್ಬ ನಮ್ಮ ಪಟ್ಟಂನಿಂದ ಗೇಮ್ ತರಿಸಿಕೊಂಡಾನು ಎಂಬ ಭಯಕ್ಕೆ ಪದ್ದಕ್ಕ ತನ್ನ ತಾಯ್ನುಡಿ ಬಿಡಬೇಕಾಯಿತು. ಇದಕ್ಕೆ ಅವರಿಟ್ಟ ಹೆಸರು 'ಗ್ಲೋಬಲ್ ರಿಲೀಸ್'.

*

ಅದೇ ವಾರ ಆಫೀಸಿನ ಕೆಲಸಕ್ಕೆ ವಿಷ್ಣು ಮತ್ತು ನಾನು ಕೊಚ್ಚಿಗೆ ಹೋಗಬೇಕಾಯಿತು. ಕೆಲಸ ಮುಗಿದ ಮೇಲೆ ಎಡಪ್ಪಳ್ಳಿಯ ಮಾಲಿನಲ್ಲಿ ತನ್ನ ಗೇಮಿಂಗ್ ಗೆಳೆಯರು ಸೇರುತ್ತಾರೆ, ಬನ್ನಿ ಎಂದ. ಇಂಥ ಕಡೆ ನಾನು ಹೋಗುವವಳಲ್ಲ. ಈ ಸಲ ಹೋಗಲು ಕಾರಣವಿತ್ತು. ಸೇತುವೆ ದಾಟುವ ಉಪಾಯ ಬಲ್ಲವರು ಅಲ್ಲಿ ಇರುತ್ತಾರಲ್ಲ.

ಫುಡ್ ಕೋರ್ಟಿನಲ್ಲಿ ಎರಡು ಟೇಬಲ್ ಜೋಡಿಸಿಕೊಂಡು ಏಳೆಂಟು ಗಂಡಸರು ಕೂತಿದ್ದರು. ಎಲ್ಲರಿಗೂ ಒಳ್ಳೆಯ ಉದ್ಯೋಗ, ಒಳ್ಳೆಯ ಗಡ್ಡ. ಅರ್ಧ ಜನರ ಟಿ-ಶರ್ಟಿನ ಮೇಲೆ ಕೆಂಪು ಕೂದಲ ಹುಡುಗ.

ಗಹನವಾದ ಚರ್ಚೆ ನಡೆದಿತ್ತು. ಹೊಸ ಆವೃತ್ತಿಯಲ್ಲಿ ಮಡಕೆ ಒಡೆಯುವ ಸದ್ದು ಹಾಳಾಗಿದೆ.

"ಮೊದಲು ಎಂಥಾ ಸದ್ದು ಅದು," ಕನ್ನಡಕದವನೊಬ್ಬ ನೊಂದು ಹೇಳಿದ. "ಈಗ ಚಿಪ್ಸ್ ಪ್ಯಾಕೆಟ್ ಒಡೆದಂಗೆ."

"ಆತ್ಮಾನೇ ಇಲ್ಲ," ಎಂದ ಇನ್ನೊಬ್ಬ.

ಸಹಿ ಸಂಗ್ರಹ ಆಗಲೇ ಶುರುವಾಗಿತ್ತಂತೆ. ಕಂಪನಿಗೆ ಕಳಿಸುತ್ತಾರಂತೆ. ನಮ್ಮ ರಸ್ತೆಯ ಬೀದಿದೀಪದ ಬಗ್ಗೆ ಒಂದು ಸಹಿ ಹಾಕಿಸಿಕೊಳ್ಳಲು ಅಪ್ಪ ಎಷ್ಟು ಬಾಗಿಲು ತಟ್ಟಿದ್ದರು ಎಂಬುದು ನೆನಪಾಯಿತು.

ವಿಷ್ಣು ನನ್ನನ್ನು ಪರಿಚಯಿಸಿದ. "ಚೇಚ್ಚಿ ಒರಿಜಿನಲ್ ನೋಡಿದವರು. ಜಪಾನೀಸ್ ಸಿಡಿ."

ಟೇಬಲ್ ಸುತ್ತ ಒಂದು ಕ್ಷಣ ಗೌರವ. ಆಮೇಲೆ ಪರೀಕ್ಷೆ. ನಾನು ಅಲ್ಲಿದ್ದ ಒಬ್ಬಳೇ ಹೆಂಗಸು. ಪರೀಕ್ಷೆ ಇಲ್ಲದೆ ಪ್ರವೇಶ ಉಂಟೇ? ಮೂರನೇ ದೇವಾಲಯದ ಒಡೆಯ ಯಾರು? ಬೆಂಕಿಯ ಕತ್ತಿ ಎಲ್ಲಿ ಸಿಗುತ್ತದೆ? ಕೊನೆಯ ದೈತ್ಯನನ್ನು ಯಾವ ಲೆವೆಲ್‌ನಲ್ಲಿ ಕೊಂದಿರಿ?

"ನಾವು ಅಲ್ಲಿಯವರೆಗೆ ಹೋಗಲಿಲ್ಲ," ಎಂದೆ. "ಮೊದಲ ಊರಿನ ಸೇತುವೆ ದಾಟುವುದು ಹೇಗೆ?"

ಕನ್ನಡಕದವನು ತುಂಬಾ ಮೆತ್ತಗೆ, ಪೇಷೆಂಟಿಗೆ ಹೇಳುವಂತೆ, ಹೇಳಿದ. "ಅದು ಆಟ ಕಲಿಸೋ ಟ್ಯುಟೋರಿಯಲ್ ಅಲ್ವಾ? ಗೇಮ್ ಶುರುವಾಗೋದೇ ಸೇತುವೆ ದಾಟಿದ ಮೇಲೆ."

"ಹೇಗೆ ದಾಟಬೇಕು?"

"ಬಾವಿ ಪಕ್ಕದ ಮನೆ. ಒಳಗೆ ಮಡಕೆಗಳಿವೆ. ಒಂದರಲ್ಲಿ ಕೀ."

"ಮಡಕೆ ಒಡೆಯಬೇಕಾ?"

"ಮತ್ತೆ? ಗೇಮಲ್ಲಿ ಮಡಕೆ ಕಂಡ್ರೆ ಒಡೀದೆ ಯಾರಿರ್ತಾರೆ?"

"ನಮ್ಮಮ್ಮ," ಎಂದೆ.

"ಅಮ್ಮನಾ? ಅಮ್ಮ ಆಡ್ತಿದ್ರಾ?" ಎಲ್ಲರ ಮುಖವೂ ಒಟ್ಟಿಗೆ ಕರಗಿತು. ಒಬ್ಬ ಎದೆಯ ಮೇಲೆ ಕೈಯಿಟ್ಟುಕೊಂಡ. "ಸೋ ಕ್ಯೂಟ್."

ಗಂಡಸು ಹಳೆಯ ಗೇಮ್ ಆಡಿದರೆ ಅದು ಪರಂಪರೆ. ಹೆಂಗಸು ಆಡಿದರೆ ಕ್ಯೂಟ್. ಮಡಕೆಯ ಸದ್ದಿಗೆ ಕಣ್ಣೀರು ಹಾಕುವ ನಲವತ್ತರ ಆಸುಪಾಸಿನವರನ್ನು ಏನೆಂದು ಕರೆಯಬೇಕೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

"ಆಂಟಿಗೆ ಒಂದು ವಾಕ್‌ಥ್ರೂ ಲಿಂಕ್ ಕಳಿಸ್ತೀನಿ," ಎಂದ ಕನ್ನಡಕದವನು. "ಹೆಜ್ಜೆ ಹೆಜ್ಜೆಗೂ ದಾರಿ ಹೇಳಿರ್ತಾರೆ. ಹತ್ತು ನಿಮಿಷದಲ್ಲಿ ಊರಿಂದ ಹೊರಗೆ."

ಊರಿನಿಂದ ಹೊರಗೆ ಹೋಗುವುದಕ್ಕೆ ಅಮ್ಮ ಆ ಊರಿನಲ್ಲಿ ಇದ್ದಳೇ? ಇವರಿಗೆ ವಿವರಿಸುವುದು ಯಾರು? ನಾನು ಚಹಾ ಕುಡಿದು ಎದ್ದೆ.

*

ತಿರುವನಂತಪುರಕ್ಕೆ ರೈಲಿನಲ್ಲಿ ವಾಪಸು ಬರುವಾಗ ಒಂದೇ ಯೋಚನೆ. ಅಮ್ಮನಿಗೆ ಹೇಳಲೇ, ಬೇಡವೇ? ದಾರಿ ಗೊತ್ತಾಗಿದೆ. ಆದರೆ ದಾರಿ ಪದ್ದಕ್ಕನ ಮಡಕೆಯೊಳಗಿದೆ. ಹೇಳಿದರೆ ಅಮ್ಮ ಏನು ಮಾಡುತ್ತಾಳೆ? ಕೊಟ್ಟ ಮಾತು ಉಳಿಸಲು ಮಾತು ಪಡೆದವಳ ಮನೆಯ ಮಡಕೆಯನ್ನೇ ಒಡೆಯುತ್ತಾಳೆಯೇ?

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿದೆ. ಊರು ತೆರೆಯ ಮೇಲೆ ಬಂದಾಗ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬಂದು ಕೂತಳು. ಕನ್ನಡಕ ಹಾಕಿಕೊಂಡಳು. ಏನೂ ಒತ್ತದೆ ಊರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಬಾಗಿಲಿಗೆ ಬಣ್ಣ ಹೊಡೆಸಿದಾರೆ," ಎಂದಳು ಕೊನೆಗೆ.

"ಎಲ್ಲಾನೂ ಹೊಸದಾಗಿ ಮಾಡಿದ್ದಾರಮ್ಮ. ಈಗ ಇಂಗ್ಲಿಷಲ್ಲಿದೆ. ಏನು ಮಾತಾಡ್ತಾರೆ ಅಂತ ಓದಬಹುದು."

"ಹೌದಾ?" ಅಮ್ಮನ ಮುಖದಲ್ಲಿ ಸಂಕೋಚ. ಬಹುಕಾಲದ ನಂತರ ನೆಂಟರ ಮನೆಗೆ ಹೋದಾಗ ಬಾಗಿಲಲ್ಲಿ ಆಗುವಂಥದ್ದು. ಹುಡುಗನನ್ನು ನೇರ ನೀಲಿ ಬಾಗಿಲಿಗೆ ನಡೆಸಿದಳು. ಪದ್ದಕ್ಕ ಅಲ್ಲೇ, ಅದೇ ಜಾಗದಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ವಯಸ್ಸೇ ಆಗಿರಲಿಲ್ಲ.

ಅಮ್ಮ ಬಟನ್ ಒತ್ತಿದಳು. ಚೌಕ ಮೂಡಿತು. ಚೌಕದ ಮೇಲೆ ಮಾತಾಡುವವರ ಹೆಸರು ಬರುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ಹಳ್ಳಿಯ ಹೆಂಗಸು, ನಂಬರ್ ಎರಡು.

ಅದರ ಕೆಳಗೆ ಅವಳ ಮಾತು: ಈವತ್ತು ಗಾಳಿ ಜೋರು. ಮಡಕೆಗಳನ್ನು ಒಡೆದು ನೋಡಿದಿರಾ? ಪ್ರಯಾಣಿಕರಿಗೆ ಉಪಯುಕ್ತ ವಸ್ತುಗಳು ಸಿಗುತ್ತವೆ.

ಅಮ್ಮ ಎರಡು ಸಲ ಓದಿದಳು. ಮತ್ತೆ ಬಟನ್ ಒತ್ತಿದಳು. ಅದೇ ಮಾತು. ಇನ್ನೊಮ್ಮೆ. ಅದೇ.

"ಇಷ್ಟೇನಾ?"

"ಇಷ್ಟೇ ಅಂತ ಕಾಣತ್ತೆ."

"ತವರಿನ ಮಾತೇ ಇಲ್ಲ."

"ಇಲ್ಲಮ್ಮ."

"ಯಾರಾದ್ರೂ ಹೇಳ್ತಾರೇನೇ ಹೀಗೆ? ಬನ್ನಿ, ನಮ್ಮನೆ ಮಡಕೆ ಒಡೀರಿ ಅಂತ? ಇದು ಅವಳ ಮಾತಲ್ಲ. ಯಾರೋ ಅವಳ ಬಾಯಲ್ಲಿ ಹೇಳಿಸಿದಾರೆ."

ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದರು. "ಎಲ್ಲಾನೂ ಯಾರೋ ಹೇಳಿಸಿದ್ದೇ ಅಲ್ವೇನೇ, ಗೇಮಲ್ಲಿ?"

"ನೀವು ಸುಮ್ನಿರಿ," ಎಂದಳು ಅಮ್ಮ. "ಆಫೀಸಲ್ಲಿ ನೀವೂ ಹಾಗೇ ಇದ್ರಿ."

ಅಮ್ಮ ದಫೇದಾರಪ್ಪನ ಹತ್ತಿರ ಹೋದಳು. ಅವನು ಆರ್ಡರಿಗೆ ಕಾಯುತ್ತಿರಲಿಲ್ಲ. ಬಾವಿ ಪಕ್ಕದ ಮನೆಯಲ್ಲಿ ಕೀ ಇದೆ, ತಂದರೆ ಬಿಡುತ್ತೇನೆ ಎಂದ. ಇಷ್ಟು ವರ್ಷವೂ ಅದನ್ನೇ ಹೇಳುತ್ತಿದ್ದನಂತೆ. ನಾನು ರೈಲಿನಲ್ಲಿ ಹೊತ್ತು ತಂದ ಗುಟ್ಟನ್ನು ಅವನು ಒಂದು ಬಟನ್ನಿಗೆ ಬಿಟ್ಟುಕೊಟ್ಟ.

ಅಮ್ಮ ಮತ್ತೆ ನೀಲಿ ಬಾಗಿಲ ಮನೆಗೆ ಬಂದಳು. ಮಡಕೆಗಳ ಮುಂದೆ ಹುಡುಗನನ್ನು ನಿಲ್ಲಿಸಿದಳು.

"ಬೇಡ ಅನ್ನಿಸಿದ್ರೆ ಬೇಡ," ಎಂದೆ.

"ಮಾತು ಕೊಟ್ಟಿದೀನಲ್ಲ," ಎಂದಳು. "ಆಚೆ ಹೋಗದೆ ಹ್ಯಾಗೆ ಹೇಳೋದು? ಒಂದೇ ಒಂದು ಒಡೀತೀನಿ. ಆಮೇಲೆ ಅವಳಿಗೆ ಹೇಳಿದರಾಯ್ತು."

ಒಡೆದಳು. ಮೊದಲನೆಯದರಲ್ಲೇ ಕೀ ಸಿಕ್ಕಿತು. ಸದ್ದು ನಿಜಕ್ಕೂ ಚಿಪ್ಸ್ ಪ್ಯಾಕೆಟ್ಟಿನಂತಿತ್ತು. ಅಷ್ಟರಮಟ್ಟಿಗೆ ಎಡಪ್ಪಳ್ಳಿಯ ವಿದ್ವಾಂಸರು ಸತ್ಯ ನುಡಿದಿದ್ದರು.

ಟೀವಿಯ ಮೂಲೆಯಲ್ಲಿ ಚಿನ್ನದ ಬಣ್ಣದ ಪದಕವೊಂದು ಹಾರಿ ಬಂತು. ಅಭಿನಂದನೆ, ನಿಮ್ಮ ಮೊದಲ ಮಡಕೆ. ಇಂಥವು ನೂರು ಒಡೆದರೆ ಇನ್ನೂ ದೊಡ್ಡ ಪದಕ ಇದೆಯಂತೆ.

ಆ ಪದಕದ ಸುದ್ದಿಯನ್ನು ಅಂಗಡಿ ನನ್ನ ಹೆಸರಿನಲ್ಲಿ, ನನ್ನನ್ನು ಕೇಳದೆ, ನನ್ನ 'ಸ್ನೇಹಿತ'ರಿಗೆಲ್ಲ ಕಳಿಸಿತು. ಅಮ್ಮ ಕೀಬೋರ್ಡಿನಿಂದ ಕೈ ತೆಗೆಯುವ ಮೊದಲೇ ನನ್ನ ಫೋನು ಗುಂಯ್ ಎಂದಿತು. ವಿಷ್ಣು. "ಚೇಚ್ಚಿ, ಕೊನೆಗೂ ಒಡೆದಿರಿ. ಎಲ್ಲರಿಗೂ ಖುಷಿ."

ಯಾರದೋ ಮನೆಯಲ್ಲಿ ಪಾತ್ರೆ ಒಡೆದದ್ದನ್ನು ಊರಿಗೆಲ್ಲ ಸಾರಿ ಅಭಿನಂದಿಸುವ ವ್ಯವಸ್ಥೆಯನ್ನು ನಾವು ಎಷ್ಟು ಮುತುವರ್ಜಿಯಿಂದ ಕಟ್ಟಿಕೊಂಡಿದ್ದೇವೆ, ನೋಡಿ.

ಅಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಪದ್ದಕ್ಕನ ಕಡೆ ತಿರುಗಿ ಬಟನ್ ಒತ್ತಿದ್ದಳು. ಚೂರುಗಳ ನಡುವೆ ನಿಂತು ಪದ್ದಕ್ಕ ಹೇಳಿದಳು: ಈವತ್ತು ಗಾಳಿ ಜೋರು. ಮಡಕೆಗಳನ್ನು ಒಡೆದು ನೋಡಿದಿರಾ?

ಅಮ್ಮ ಕೀಬೋರ್ಡಿನ ಮೇಲೆ ಬೆರಳಾಡಿಸಿ ಏನನ್ನೋ ಹುಡುಕಿದಳು.

"ಇದರಲ್ಲಿ ವಾಪಸು ಏನಾದ್ರೂ ಇಡೋಕೆ ಯಾವ ಬಟನ್?"

ನಾನು ಸೆಟ್ಟಿಂಗ್ಸ್ ತೆರೆದು ನೋಡಿದೆ. ಹೊಡೆಯಲು ಒಂದು, ಜೋರಾಗಿ ಹೊಡೆಯಲು ಇನ್ನೊಂದು. ಹಾರಲು, ಉರುಳಲು, ಓಡಲು, ಬೆಂಕಿ ಉಗುಳಲು, ಕುದುರೆ ಕರೆಯಲು. ಹೊಸ ಆವೃತ್ತಿಯ ಕೊಡುಗೆಯೆಂದು, ಜನರ ಮಾತನ್ನು ಓದದೆ ಬೇಗ ಓಡಿಸಲು ಕೂಡ ಒಂದು ಬಟನ್. ಜಗತ್ತಿನ ಬುದ್ಧಿವಂತರೆಲ್ಲ ಕೂತು ಇಷ್ಟು ಬಟನ್ ಮಾಡಿದ್ದರು.

"ಇಡೋಕೆ ಇಲ್ಲಮ್ಮ."

"ಒಂದು ಚಮಚ ಸಕ್ಕರೆ ಇಡೋಕೂ ಇಲ್ವಾ?"

"ಇಲ್ಲ."

ಅಮ್ಮ ಕೀ ತೆಗೆದುಕೊಂಡು ಸೇತುವೆಗೆ ಹೋದಳು. ದಫೇದಾರಪ್ಪ ಪಕ್ಕಕ್ಕೆ ಸರಿದ. ಇಷ್ಟು ವರ್ಷ ಕಾದದ್ದು ಎರಡು ಹೆಜ್ಜೆಯ ಕೆಲಸವಾಗಿತ್ತು. ಆಚೆ ದಡದಲ್ಲಿ ಕಲ್ಲುಗಾಡು. ಒಂದು ಮನೆ ಇಲ್ಲ, ಒಂದು ಬಾಗಿಲಿಲ್ಲ. ಈಚೆ ದಡದ ಕಪ್ಪೆಗಳಿಗಿಂತ ದೊಡ್ಡ ಕಪ್ಪೆಗಳು ಇದ್ದವು. ಅಮ್ಮ ಯಾರನ್ನೂ ಹೊಡೆಯದೆ ಆ ತುದಿಯಿಂದ ಈ ತುದಿಯವರೆಗೆ ನಡೆದು ನೋಡಿದಳು. ಒಂದು ಕಪ್ಪೆ ಹುಡುಗನನ್ನು ಕೊಂದಿತು.

ತೆರೆ ಕಪ್ಪಾಯಿತು. ಮುಂದುವರಿಸುವಿರಾ ಎಂದು ಕೇಳಿತು.

"ಇಷ್ಟಕ್ಕೆ ಅವಳ ಮಡಕೆ ಒಡೆದೆ," ಎಂದಳು ಅಮ್ಮ. ಮೈಸೂರಿನಿಂದ ಬಂದ ಹೊಸತರಲ್ಲಿ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಾಗ ಕಾಣುತ್ತಿದ್ದ ಮುಖ ಅದು. ನಾನು ಮತ್ತೆ ನೋಡಲು ಬಯಸಿರಲಿಲ್ಲ. ನಾನೇ ತಂದು ಕೊಟ್ಟಿದ್ದೆ, ಡೀಲಕ್ಸ್ ಅಲ್ಲದ ಆವೃತ್ತಿಯಲ್ಲಿ.

ಮುಚ್ಚಿಬಿಡಲೇ ಎಂದು ಕೇಳಿದೆ. ಅಮ್ಮ ಎದ್ದು ಹೋಗಿ ಅಡುಗೆಮನೆಯಲ್ಲಿ ಏನೋ ಸದ್ದು ಮಾಡಿ, ಕಾಫಿ ತಂದು ಅಪ್ಪನಿಗೆ ಕೊಟ್ಟು, ನನಗೂ ಕೊಟ್ಟು, ಬಂದು ಕೂತಳು.

"ಜಪಾನಿ ಭಾಷೆ ಹಾಕು."

"ನಮ್ಮ ಕಡೆಗೆ ಅದನ್ನ ಕೊಟ್ಟಿಲ್ಲಮ್ಮ."

"ಬೇರೆ ಏನೇನು ಕೊಟ್ಟಿದಾರೆ?"

ಓದಿದೆ. ಅಮ್ಮ ಸೊಸೆ ಹುಡುಕುವವರಂತೆ ಒಂದೊಂದನ್ನೇ ತಳ್ಳಿಹಾಕಿದಳು. ಫ್ರೆಂಚ್ ಬೇಡ, ಅಕ್ಷರ ಓದೋಕೆ ಬರತ್ತೆ. ಜರ್ಮನ್ ಬೇಡ, ಅಪ್ಪಂಗೆ ನಾಕು ಪದ ಗೊತ್ತು, ಸುಮ್ಮನಿರಲ್ಲ. ಸ್ಪ್ಯಾನಿಷೂ ಅದೇ ಅಕ್ಷರ.

"ಕೊರಿಯನ್?"

"ನಿಂಗೆ ಬರತ್ತಾ?"

"ಇಲ್ಲ."

"ಲೀಲಾ ಚೇಚ್ಚಿ ಮೊಮ್ಮಗಳಿಗೆ ಬರತ್ತೆ. ದಿನಾ ಸೀರಿಯಲ್ ನೋಡ್ತಾಳೆ. ಅವಳು ಬಂದಾಗ ಇದನ್ನ ಹಾಕೋದು ಬೇಡ, ಅಷ್ಟೇ."

ಹಳೆಯ ಆಟ ಅಳಿಸಿ ಹೊಸದಾಗಿ ಶುರುಮಾಡಿದೆವು. ಕೊರಿಯನ್ ಭಾಷೆಯಲ್ಲಿ. ಊರು, ಬಾವಿ, ನೀಲಿ ಬಾಗಿಲು. ಗೋಡೆಗೆ ಸಾಲಾಗಿ ಮಡಕೆಗಳು, ಎಲ್ಲವೂ ಇಡಿಯಾಗಿ. ಯಾವುದರಲ್ಲಿ ಕೀ ಇದೆಯೆಂದು ಈಗ ಅಮ್ಮನಿಗೆ ಗೊತ್ತು. ಹುಡುಗನನ್ನು ಅವುಗಳಿಂದ ದೂರ, ಬಾಗಿಲ ಹತ್ತಿರವೇ ನಿಲ್ಲಿಸಿದಳು.

ಸೋಮವಾರ ವಿಷ್ಣು ಆ ಕನ್ನಡಕದವನ ವಾಕ್‌ಥ್ರೂ ಲಿಂಕ್ ಕಳಿಸಿದ. ಆಂಟಿ ಎಲ್ಲಿಯವರೆಗೆ ಬಂದರು ಎಂದು ಕೇಳಿದ. ಎಡಪ್ಪಳ್ಳಿಯ ವಿದ್ವಾಂಸರ ಲೆಕ್ಕದ ಪ್ರಕಾರ ನಮ್ಮಮ್ಮ ಇನ್ನೂ ಗೇಮ್ ಶುರುವೇ ಮಾಡಿಲ್ಲ. ಇದ್ದ ಒಂದು ಪದಕದ ವಿಷಯದಲ್ಲಿ ಅವಳಿಗೆ ನಾಚಿಕೆಯಿದೆ. ಅದನ್ನು ವಾಪಸು ಕೊಡಲಾಗುವುದಿಲ್ಲವೇ ಎಂದು ಎರಡು ಸಲ ಕೇಳಿದ್ದಾಳೆ. ವಿಷ್ಣುವಿಗೆ ಇದನ್ನೆಲ್ಲ ಹೇಳಲಿಲ್ಲ. ಚೆನ್ನಾಗಿ ಆಡುತ್ತಿದ್ದಾರೆ ಎಂದೆ.

ಭಾನುವಾರದ ಆ ಹೊತ್ತಿನಲ್ಲಿ ಅಮ್ಮ ನೀಲಿ ಬಾಗಿಲಲ್ಲಿ ನಿಂತು ಬಟನ್ ಒತ್ತಿದಾಗ ಚೌಕದೊಳಗೆ ಸೊನ್ನೆಗಳೂ ಗೀಟುಗಳೂ ಮೂಡಿದವು. ಅಮ್ಮ ಕನ್ನಡಕ ಮೇಲೆ ಸರಿಸಿ ಪದ್ದಕ್ಕನ ಮುಖ ನೋಡಿದಳು.

"ಏನಂತಾಳೆ?" ಎಂದು ಕೇಳಿದೆ.

"ಗಾಳಿ ಜೋರಿದೆಯಂತೆ. ಒಳಗೆ ಬಾ ಅಂತಿದಾಳೆ."

ಇದಕ್ಕಿಂತ ನಂಬಿಕಸ್ಥ ಅನುವಾದವನ್ನು ಯಾವ ಅಂಗಡಿ ಮಾರುತ್ತದೆ, ನೀವೇ ಹೇಳಿ?